ಹಾಡಿನ ನಾಲ್ಕನೇ ಮೂಲೆ

ಅಫಜಲಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿರುವ ನನ್ನ ರೇಡಿಯೋ ದುಕಾನಿನಲ್ಲಿ ಒಂದು ಕ್ಯಾಸೆಟ್ಟಿದೆ. ಒಂದು ಬದಿಗೆ ಒಂದೇ ಹಾಡು, ಇನ್ನೊಂದು ಬದಿ ಖಾಲಿ. ಮೊದಲ ಮೂರು ನುಡಿಗಳು ಎಷ್ಟು ಸಣ್ಣ ದನಿಯಲ್ಲಿವೆಯೆಂದರೆ, ಪಕ್ಕದಲ್ಲಿ ಯಾರಾದರೂ ಸೊರ್ ಎಂದು ಚಹಾ ಹೀರಿದರೂ ಒಂದು ಪದ ತಪ್ಪಿಹೋಗುತ್ತದೆ. ನಾಲ್ಕನೇ ನುಡಿಗೆ ಬಂದಾಗ ಮಾತ್ರ ಒಮ್ಮೆಲೇ ಮದುವೆ ಮನೆಯ ಗದ್ದಲ, ಒಬ್ಬ ಗಂಡಸಿನ ಒದರಾಟ. ಹೊಸಬರು ಕೇಳಿದರೆ "ಬುರಾನಣ್ಣ, ನಿಮ್ಮ ಟೇಪು ಕೆಟ್ಟದ ನೋಡ್ರಿ" ಅನ್ನುತ್ತಾರೆ. ಇಪ್ಪತ್ತೈದು ವರ್ಷದಿಂದ ಇದೇ ಕಸುಬು ಮಾಡುವವನಿಗೆ ಟೇಪು ಕೆಟ್ಟದ್ದು ಗೊತ್ತಾಗುವುದಿಲ್ಲವೇ? ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ಊರಿಗೆಲ್ಲ ಗೊತ್ತು. ಈ ಕ್ಯಾಸೆಟ್ಟಿನ ಮಾತು ಬಂದಾಗಂತೂ ಇನ್ನಷ್ಟು. ಯಾಕೆಂದರೆ ಈ ಕಥೆಯಲ್ಲಿ ಕೆಟ್ಟು ಹೋದದ್ದು ಟೇಪಲ್ಲ, ಒಂದು ದಿನದ ಮಟ್ಟಿಗೆ ನಾನು.

ಹಾಡಿದವಳು ಅತನೂರಿನ ಸುಂದರಬಾಯಿ. ಕೌದಿ ಹೊಲಿಯುವುದು ಅವಳ ಕಸುಬು. ಹಳೆ ಸೀರೆ, ಹರಿದ ಧೋತರ, ಮಕ್ಕಳ ಗಿಡ್ಡಾದ ಅಂಗಿ, ಏನು ಕೊಟ್ಟರೂ ಒಂದರ ಮೇಲೊಂದು ಹಾಸಿ, ತುಂಡಿಗೆ ತುಂಡು ಕೂಡಿಸಿ, ಎಂಟು ದಿನದಲ್ಲಿ ಹೊದಿಕೆ ಮಾಡಿ ಕೊಡುತ್ತಿದ್ದಳು. ಕರೆದವರ ಮನೆಗೇ ಹೋಗಿ, ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಹೊಲಿಯುವುದು. ಅವಳ ಕೌದಿಗೆ ಎರಡು ಗುರುತು. ಮೂರು ಮೂಲೆ ಹೊಲಿದು ನಾಲ್ಕನೆಯದನ್ನು ಮುಚ್ಚುವ ಮುಂಚೆ ಒಳಗೆ ನಾಲ್ಕು ಕಾಳು ಜೋಳ ಇಡುತ್ತಿದ್ದಳು. ಕೌದಿಯ ಹೊಟ್ಟೆ ತುಂಬಿರಬೇಕು, ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಎಂಬುದು ಅವಳ ನಂಬಿಕೆ. ಆ ನಾಲ್ಕನೇ ಮೂಲೆಯ ಮೇಲೆ ಒಂದು ಕೆಂಪು ತುಂಡು. ಕೆಂಪು ಮೂಲೆ ಕಂಡರೆ ಮೂರು ತಾಲೂಕಿನ ಹೆಂಗಸರು "ಇದು ಸುಂದರಿ ಹೊಲಿದದ್ದು" ಅನ್ನುತ್ತಿದ್ದರು.

ಹೊಲಿಯುವಾಗ ಅವಳು ಹಾಡುತ್ತಿದ್ದಳು. ನನ್ನ ಹೆಂಡತಿ ಹಮೀದಾಬೇಗಂ ಚಳಿಗಾಲಕ್ಕೆ ಮುಂಚೆ ಅವಳನ್ನು ಕರೆಸಿಕೊಳ್ಳುವ ರೂಢಿ. ಸಾವಿರದ ಒಂಬೈನೂರಾ ಎಂಬತ್ತಾರರಲ್ಲಿ ಮಳೆ ಹಿಂದಾಗುತ್ತಿದ್ದ ದಿನಗಳಲ್ಲಿ ಹಾಗೆ ಬಂದವಳು, ಮೂರನೇ ದಿನ ದುಕಾನಿನ ಹಿಂದೆಯೇ ಇರುವ ನಮ್ಮ ಮನೆಯಿಂದ ನೇರ ದುಕಾನಿಗೆ ಬಂದು ನಿಂತಳು. ಬೆರಳಲ್ಲಿ ಇನ್ನೂ ಸೂಜಿ ಇತ್ತು.

"ಬುರಾನಣ್ಣ, ನನ್ನ ಒಂದು ಹಾಡು ಟೇಪಿನ್ಯಾಗ ಹಿಡದು ಕೊಡ್ರಿ" ಅಂದಳು.

ನಾನು ಒಂದು ಟ್ರಾನ್ಸಿಸ್ಟರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದೆ. ತಲೆ ಚಿಟ್ಟು ಹಿಡಿದಿತ್ತು. "ಎಂಥಾ ಹಾಡವ್ವ? ದೇವರದಾ, ಮದುವಿದಾ?" ಅಂದೆ.

"ನಂದು."

"ನಿಂದು ಅಂದ್ರ?"

"ನಾನ ಕಟ್ಟಿದ್ದು. ಕೊನಿಗಿ ನನ್ನ ಹೆಸರು ಅದ. ಅದೊಂದು ಬಿಡದಂಗ ಹಿಡೀಬೇಕು ನೋಡ್ರಿ."

ನಾನು ನಕ್ಕೆ. ನಗಬಾರದಿತ್ತು. ನಮ್ಮ ಕಡೆ ಭಜನೆಯವರು, ಗೀಗೀ ಮೇಳದವರು, ಮೊಹರಮ್ಮಿನಲ್ಲಿ ಹಾಡುವವರು, ಎಲ್ಲರೂ ಪದದ ಕೊನೆಗೆ ತಮ್ಮ ಊರು, ತಮ್ಮ ಗುರು, ತಮ್ಮ ಹೆಸರು ಹಾಕುತ್ತಾರೆ. ಅವರೆಲ್ಲ ಗಂಡಸರು. ಹೆಣ್ಣುಮಕ್ಕಳು ಬೀಸುವಾಗ, ತೊಟ್ಟಿಲು ತೂಗುವಾಗ ಹಾಡುವುದಕ್ಕೆ ಯಾರ ಹೆಸರೂ ಇರುವುದಿಲ್ಲ. ಹೆಂಗಸರು ಪದದೊಳಗೆ ಹೆಸರು ಸೇರಿಸುವುದು ಒಂದೇ ಕಡೆ, ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ ಒಡಪು ಹೇಳುವಾಗ. ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದಲ್ಲ, ಅದಕ್ಕೆ ಎರಡು ಸಾಲು ಪ್ರಾಸ ಕಟ್ಟಿ ಅದರ ಕೊನೆಗೆ ಗಂಡನ ಹೆಸರು ಪೋಣಿಸಿ, ಮುಖ ಮುಚ್ಚಿಕೊಂಡು ನಗುತ್ತಾರೆ. ಅಲ್ಲೂ ಹೆಸರು ಅವನದೇ. ಇದನ್ನೆಲ್ಲ ಹೇಳಿ ನಾನು ಸುಂದರಬಾಯಿಗೆ ಬುದ್ಧಿ ಹೇಳಲು ಹೋದೆ.

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಎಲ್ಲಾ ಗೊತ್ತದರಿ. ಸೆಲ್ ಹಾಕಿದ ಟೇಪು ಅದನೋ ಇಲ್ಲೋ, ಅದ್ನ ಹೇಳ್ರಿ" ಅಂದಳು.

ಅವಳ ಸಂಗತಿ ಹಮೀದಾ ನನಗೆ ಊಟದ ಹೊತ್ತಿಗೆ ಹೇಳಿದಳು. ಸುಂದರಬಾಯಿಯನ್ನು ಜೇವರ್ಗಿ ಕಡೆಯ ನೆಲೋಗಿಗೆ ಕೊಟ್ಟಿದ್ದರು. ಗಂಡ ಮಲ್ಕಪ್ಪ ಹೊಲಮನೆ ಇದ್ದವನು. ಐದು ವರ್ಷಕ್ಕೆ ಒಂದು ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನಕ್ಕೆಂದು ಸುಂದರಬಾಯಿ ಬಸುರಿಯಿದ್ದಾಗಲೇ ಒಂದು ಅಂಗೈ ಅಗಲದ ತುಂಡುಗಳ ಸಣ್ಣ ಕೌದಿ ಹೊಲಿದಿಟ್ಟಿದ್ದಳು. ಕೂಸು ಒಂಬತ್ತು ದಿನ ಇತ್ತು. ಹೆಸರಿಡುವುದರೊಳಗೆ ಹೋಯಿತು. ವರ್ಷ ತುಂಬುವುದರೊಳಗೆ ಮಲ್ಕಪ್ಪ ಶಾರದಾಬಾಯಿ ಎಂಬವಳನ್ನು ಕಟ್ಟಿಕೊಂಡು ಬಂದ. ಸುಂದರಬಾಯಿ ಉಟ್ಟ ಸೀರೆಯಲ್ಲಿ ಅತನೂರಿಗೆ ವಾಪಸು ಬಂದಳು. ಬರುವಾಗ ಕೇಳಿದ್ದು ಒಂದೇ, ಆ ಸಣ್ಣ ಕೌದಿ. ಅತ್ತೆ ಕೊಡಲಿಲ್ಲ. "ಮುಂದ ಹುಟ್ಟೋ ಕೂಸಿಗಿ ಬೇಕಾಗ್ತದ" ಅಂದಳಂತೆ. ಬೇಕಾಯಿತು ಕೂಡ. ಶಾರದಾಬಾಯಿಗೆ ಹೆಣ್ಣು ಹುಟ್ಟಿದಾಗ ತೊಟ್ಟಿಲಲ್ಲಿ ಅದನ್ನೇ ಹಾಸಿದರು.

"ಹಾಡು ಅದರ ಮ್ಯಾಲೇ ಅದ" ಅಂದಳು ಹಮೀದಾ. "ನಾಳಿಗಿ ಹಿಡದು ಕೊಡ್ರಿ. ಇಲ್ಲಂದ್ರ ರೊಟ್ಟಿ ನೀವೇ ಬಡಕೋರಿ."

ಅಂದೇ ಸಂಜೆ ಹಮೀದಾ, "ಅಲ್ಲಬೇ, ನಿನ್ನ ಗಂಡನ ಹೆಸರು ಏನಂತ ಇವರಿಗೆ ನೀನೇ ಹೇಳು" ಎಂದು ಚೇಷ್ಟೆ ಮಾಡಿದಾಗ ಸುಂದರಬಾಯಿ ತಲೆ ಅಲ್ಲಾಡಿಸಿ, "ನೆಲೋಗಿಯವರು ಅನ್ರಿ, ಸಾಕು" ಎಂದಳು. ಬಿಟ್ಟು ಬಂದು ಏಳು ವರ್ಷವಾದರೂ ಅವನ ಹೆಸರನ್ನು ಹೇಳಲು ಅವಳ ನಾಲಿಗೆ ಹೊರಳುತ್ತಿರಲಿಲ್ಲ. ರೂಢಿ ಅನ್ನುವುದು ಎಲ್ಲಿ ಕೂತಿರುತ್ತದೆ ನೋಡಿ.

ಮರುದಿನ ಹಿಡಿಯಲು ಕೂತೆವು. ನಮ್ಮ ಮನೆಯ ಪಕ್ಕದಲ್ಲೇ ಹಿಟ್ಟಿನ ಗಿರಣಿ. ಅದು ನಡೆಯುವಾಗ ಹಾಡು ಹಿಡಿಯುವುದು ದೂರ, ಹೆಂಡತಿ ಬೈದದ್ದೂ ಕೇಳುವುದಿಲ್ಲ. ಗಿರಣಿ ನಿಲ್ಲಬೇಕಾದರೆ ಕರೆಂಟು ಹೋಗಬೇಕು. ಕರೆಂಟು ಹೋಗುವುದನ್ನು ನಾನು ಜೀವನದಲ್ಲಿ ಕಾದು ಕೂತದ್ದು ಅದೊಂದೇ ದಿನ. ಅಂದು ನೋಡಿದರೆ ಹಾಳಾದ ಕರೆಂಟು ಹೋಗುವುದೇ ಇಲ್ಲ. ಕೊನೆಗೆ ಮಧ್ಯಾಹ್ನ ಮೂರಕ್ಕೆ ಹೋಯಿತು. ಹಮೀದಾ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಗೋಡೆಗೆ, ಬಾಗಿಲಿಗೆ, ಕಿಟಕಿಗೆ ನೇತು ಹಾಕಿದ್ದಳು, ದನಿ ಮಾರ್ದನಿಗೊಳ್ಳದಿರಲಿ ಎಂದು. ಎಲ್ಲವೂ ಸುಂದರಬಾಯಿ ಹೊಲಿದವೇ. ಆರು ಸೆಲ್ ಹಾಕಿ ನಾನು ಗುಂಡಿ ಒತ್ತಿದೆ.

ಅವಳು ಹಾಡಲಿಲ್ಲ. ಎರಡು ಸಲ ಶುರು ಮಾಡಿ ನಿಲ್ಲಿಸಿದಳು. "ಕೈ ಖಾಲಿ ಅದರಿ, ಹೆಂಗ ಬರ್ತದ?" ಎಂದು ತನ್ನ ಅರೆ ಹೊಲಿದ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು ಹೊಲಿಯತೊಡಗಿದಳು. ನಾಲ್ಕು ಟಾಕು ಹಾಕಿದ ಮೇಲೆ ಹಾಡು ತಾನಾಗಿ ಬಂತು. ಇವತ್ತಿಗೂ ಟೇಪಿನಲ್ಲಿ ಕಿವಿಗೊಟ್ಟು ಕೇಳಿದರೆ ಬಟ್ಟೆಯೊಳಗಿಂದ ದಾರ ಜಗ್ಗುವ ಸದ್ದು ಕೇಳುತ್ತದೆ.

ನಾಕು ಮೂಲಿಯ ಕೌದಿ, ನಾಕು ಮನಿಯ ಅರಿವಿ
ಯಾರ ಕೂಸಿಗಿ ಹೊಚ್ಚಿ ಮಲಗಿಸ್ಯಾರ, ತಂಗೆವ್ವ
ಯಾರಿದ್ದರೇನ, ಬೆಚ್ಚಗಿರಲಿ.

ಅವ್ವನ ಸೀರಿ ಸೆರಗ, ಅಪ್ಪನ ರುಮಾಲ ತುಂಡ
ಕಣ್ಣೀಗಿ ಕಂಡಂಗ ಹೊಲಿದೇನ, ನನ ಮಗಳು
ಒಂದು ಚಳಿಗಾಲ ಹೊಚ್ಚಲಿಲ್ಲ.

ನನ್ನ ಕೂಸು ಮಣ್ಣಾಗ, ಕೌದಿ ತೊಟ್ಟಿಲದಾಗ
ಹೊಚ್ಚಿಕೊಂಡಾಕಿ ನೀ ಬೆಳಿಯವ್ವ, ನಿನ ಮ್ಯಾಲ
ಹೊಲಿದ ಕೈಗೇನೂ ಸಿಟ್ಟಿಲ್ಲ.

ಹೊಟ್ಟಿ ತುಂಬಿದ ಕೌದಿ, ನಾಕನೇ ಮೂಲಿ ಕೆಂಪ
ಹೊಲಿದಾಕಿ ಯಾರಂತ ಕೇಳ್ಯಾರ, ಹೇಳವ್ವ
ಅತನೂರ ಸುಂದರಬಾಯಿ ಅಂತ.

ಹಾಡು ಮುಗಿದ ಮೇಲೆ ನಾನು ಟೇಪು ನಿಲ್ಲಿಸುವುದನ್ನೇ ಮರೆತೆ. ಹಮೀದಾ ಅಳುತ್ತಿದ್ದಳು. ನನಗೂ ಅಳು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಸುಂದರಬಾಯಿ ಒಬ್ಬಳೇ ಒಣಗಣ್ಣಿನಲ್ಲಿ ದಾರ ಹಲ್ಲಿನಿಂದ ಕಡಿದು, "ಕೂಸು ಹೆಸರಿಲ್ದ ಹೋತು ಅಣ್ಣ. ಇದು ಹಂಗ ಹೋಗಬಾರದು. ಅದಕ್ಕ ಹೇಳಿದೆ, ಕೊನಿ ನುಡಿ ಬಿಡಬ್ಯಾಡ್ರಿ ಅಂತ" ಅಂದಳು.

"ನನ್ನ ಕೈಯಾಗ ಬಂದದ್ದು ಎಲ್ಲಿಗಿ ಹೋಗ್ತದವ್ವ?" ಎಂದು ನಾನು ದೊಡ್ಡ ಮಾತಾಡಿದೆ.

ದುಕಾನಿನಲ್ಲಿ ಅದನ್ನು ಹಾಕಿದ ಮೊದಲ ದಿನವೇ ಎದುರಿನ ಹೊಟೇಲಿನವನು ಒಂದು ಕಾಪಿ ಕೇಳಿದ. ಆಮೇಲೆ ಅತನೂರಿನವರು, ಆಳಂದದ ಬಸ್ಸಿನ ಡ್ರೈವರು, ಹತ್ತಿ ಬಿಡಿಸಲು ಹೋಗುವ ಹೆಂಗಸರು. ದೀಪಾವಳಿ ಹೊತ್ತಿಗೆ ಎಲ್ಲಿ ನೋಡಿದರೂ ಅದೇ. ಕುಣಿಯುವ ಹಾಡಲ್ಲ, ವಾದ್ಯವಿಲ್ಲ, ತಾಳವಿಲ್ಲ. ಆದರೂ ಮಂದಿ ಕೇಳುತ್ತಿದ್ದರು. ಬಸ್ಸಿನಲ್ಲಿ ಹಾಕಿದರೆ ಮಾತಾಡುವವರು ಸುಮ್ಮನಾಗುತ್ತಿದ್ದರಂತೆ. ಸುಂದರಬಾಯಿ ಯಾವ ಊರಿಗೆ ಹೋದರೂ "ಕೌದಿ ಹಾಡಿನಾಕಿ ಬಂದ್ಳು" ಎನ್ನುತ್ತಿದ್ದರು. ಅವಳ ನಡಿಗೆ ಬದಲಾಗಿತ್ತು ಎಂದು ಹಮೀದಾ ಹೇಳುತ್ತಿದ್ದಳು. ಮೊದಲು ಗೋಡೆಗೆ ಹತ್ತಿಕೊಂಡು ನಡೆಯುತ್ತಿದ್ದವಳು ಈಗ ಓಣಿಯ ನಡುವೆ ನಡೆಯುತ್ತಿದ್ದಳಂತೆ.

ಹಬ್ಬ ಮುಗಿದ ವಾರ ಮಲ್ಕಪ್ಪ ನನ್ನ ದುಕಾನಿಗೆ ಬಂದ. ಎತ್ತರದ ಆಳು, ಹೊಳೆಯುವ ರುಮಾಲು. ಜೊತೆಗೆ ನಮ್ಮೂರ ಭಜನಾ ಮಂಡಳಿಯ ಮುಖ್ಯಸ್ಥ ಮಹಾದೇವಪ್ಪ. ಮಂಡಳಿಯ ಕಾರ್ಯಕ್ರಮಕ್ಕೆಲ್ಲ ಮೈಕ್ ಸೆಟ್ ನನ್ನದೇ ಹೋಗುತ್ತಿತ್ತು. ಅದಕ್ಕೇ ಅವನನ್ನು ಕರೆತಂದಿದ್ದ.

"ಸಾಬ್ರ, ನನ್ನ ಹೇಣ್ತಿ ಹೆಸರು ಚಹಾದ ಹೊಟೇಲಿನ್ಯಾಗ ಒದರ್ಲಾಕ ನಿಮಗ ಪರವಾನಗಿ ಯಾರು ಕೊಟ್ರು?" ಅಂದ ಮಲ್ಕಪ್ಪ.

ಹಾಡಿದವಳೇ ಕೊಟ್ಟಳು ಎನ್ನಬೇಕಿತ್ತು. ಬಾಯಿಗೆ ಬಂದದ್ದು, "ಕೂಡ್ರಿ, ಚಹಾ ಕುಡೀರಿ" ಎಂಬ ಮಾತು.

ಮಹಾದೇವಪ್ಪ ನಿಧಾನದ ಮನುಷ್ಯ. "ಹಾಡು ಭಾಳ ಛಲೋ ಅದ ಬುರಾನ್. ಯಾರೂ ಬ್ಯಾಡ ಅನ್ನೂದಿಲ್ಲ. ಕೊನಿ ನುಡಿ ಒಂದು ತಗದು ಬಿಡು. ಹೆಸರಿಲ್ಲಂದ್ರ ಯಾರ ಮನಿ ಮಾತಂತ ಯಾರಿಗೂ ತಿಳಿಯಂಗಿಲ್ಲ. ಮತ್ತ ಪದದಾಗ ಹೆಸರು ಹಾಕ್ಲಾಕ ಗುರುವಿನ ಅಪ್ಪಣಿ ಬೇಕಪ್ಪ, ಕೌದಿ ಹೊಲಿಯೋರೆಲ್ಲಾ ಹಾಕ್ಕೊಂತ ಹೋದ್ರ ಹೆಂಗ?"

"ನನ್ನ ಮುಂದ ಒರಸು" ಎಂದ ಮಲ್ಕಪ್ಪ. ಕಾಪಿಯನ್ನಲ್ಲ, ಮೂಲ ಕ್ಯಾಸೆಟ್ಟನ್ನೇ. ಇಲ್ಲವಾದರೆ ಮೂರು ತಾಲೂಕಿನಲ್ಲಿ ಒಂದು ಮದುವೆಗೂ ನಿನ್ನ ಮೈಕು ಹೋಗದಂತೆ ಮಾಡುತ್ತೇನೆ ಎಂದ. ಅವನ ಬೀಗರು ನೆಂಟರು ಎಲ್ಲ ಕಡೆ ಇದ್ದರು, ಮಾಡುವ ಆಳೇ.

ನಾನು ಒರೆಸಿದೆ. ನಾಲ್ಕನೇ ನುಡಿಯ ಮೇಲೆ ಹಾಡಿಲ್ಲದ ಬರೀ ಖಾಲಿ ಸದ್ದು ಹಿಡಿದೆ. ಮುಂಗೋಪಿ ಬುರಾನುದ್ದೀನ, ಗಿರಾಕಿಗಳನ್ನು ಗದರಿಸುವ ಬುರಾನುದ್ದೀನ, ಅವತ್ತು ಬಾಲ ಮುದುರಿಕೊಂಡು ಕೂತು ಒಬ್ಬ ಹೆಣ್ಣುಮಗಳ ಹೆಸರನ್ನು ಒರೆಸಿದ. ಅವರು ಹೋದ ಮೇಲೆ ಒಳಗಿನಿಂದ ಹಮೀದಾ ಬಂದು ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಎಂಟು ದಿನ ಮಾತೇ ಆಡಲಿಲ್ಲ.

ಅಲ್ಲಿಂದ ಮುಂದೆ ಹೋದ ಕಾಪಿಗಳಲ್ಲಿ ಮೂರೇ ನುಡಿ. ಮೊದಲು ಹೋದ ಹಳೆಯ ಕಾಪಿಗಳನ್ನೂ ಮಲ್ಕಪ್ಪನ ಕಡೆಯವರು ಹುಡುಕಿ ತೆಗೆದುಕೊಂಡು ಹೋದರು. ಆಮೇಲಿನದು ಕೇಳಿ. ಹೆಸರು ಹೋದ ಹದಿನೈದೇ ದಿನಕ್ಕೆ ಮಹಾದೇವಪ್ಪ ಅದೇ ಧಾಟಿಯಲ್ಲಿ ಭಜನೆ ಹಾಡಿದ. ಕೌದಿ ಎಂದರೆ ದೇಹವಂತೆ, ಹೊಲಿದವನು ಪರಮಾತ್ಮನಂತೆ, ಕೊನೆಗೆ "ಮಹಾದೇವ ನುಡಿದಾನ" ಎಂದು ತನ್ನ ಹೆಸರು. ಮಂದಿ ಕಣ್ಣು ಮುಚ್ಚಿ ತಲೆದೂಗಿದರು. ಮೈಕ್ ಸೆಟ್ ಹಚ್ಚಿದವನು ನಾನೇ.

ಎಳ್ಳಮಾವಾಸ್ಯೆಗೆ ಮುಂಚೆ ಸುಂದರಬಾಯಿ ಬಂದಳು. ಯಾರದೋ ಪಡಸಾಲೆಯಲ್ಲಿ ಹೊಲಿಯುತ್ತ ಕೂತಾಗ ಮನೆಯವರು ಅಕ್ಕರೆಯಿಂದ ಅವಳದೇ ಹಾಡು ಹಚ್ಚಿದ್ದರು. ಮೂರನೇ ನುಡಿ ಮುಗಿಯಿತು, ಗರ್ ಎಂದು ಟೇಪು ಸುಮ್ಮನೆ ತಿರುಗಿತು. ಅವಳು ಸೂಜಿ ಅಲ್ಲಿಗೇ ಚುಚ್ಚಿ ಎದ್ದು ಬಂದಿದ್ದಳು.

"ಬುರಾನಣ್ಣ, ನಾಕನೇ ಮೂಲಿ ಎಲ್ಲಿ?"

ನಾನು ನೆಪ ಹೇಳತೊಡಗಿದೆ. ಟೇಪು ಸಿಕ್ಕಿಕೊಂಡಿತು, ಸೆಲ್ ವೀಕಾಗಿತ್ತು, ಇನ್ನೂ ಏನೇನೋ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅರ್ಧಕ್ಕೆ ನನ್ನ ಬಾಯಿ ತಾನೇ ನಿಂತಿತು. ಇದ್ದದ್ದು ಇದ್ದಂತೆ ಹೇಳಿದೆ. ಅಂಜಿದೆನವ್ವ, ಒರೆಸಿದೆ ಅಂದೆ.

"ನೆಲೋಗಿಯವರು ಬಂದಿದ್ರು ಅನ್ರಿ" ಅಂದಳು. "ಕೌದಿ ಇಟ್ಕೊಂಡ್ರು, ಇಟ್ಕೋಲಿ ಅಂದೆ. ಮನಿ ಬಿಡು ಅಂದ್ರು, ಬಿಟ್ಟೆ. ಹಾಡಿನ್ಯಾಗಿನ ಹೆಸರೂ ಬ್ಯಾಡ ಅಂದ್ರ ನಾ ಬಿಡಂಗಿಲ್ಲ ನೋಡ್ರಿ."

"ನಾಳೇನೇ ಮತ್ತ ಹಿಡಿಯೋಣು" ಅಂದೆ.

"ನೀವು ಹಿಡೀತೀರಿ. ಅವರು ಮತ್ತ ಬರ್ತಾರ. ನೀವು ಮತ್ತ ಒರಸ್ತೀರಿ." ಕಟಕಿಯಿಲ್ಲದೆ, ಇದ್ದ ಸಂಗತಿ ಹೇಳುವಂತೆ ಹೇಳಿದಳು. ಅದಕ್ಕೇ ಹೆಚ್ಚು ನಾಟಿತು. ಹೋಗುವಾಗ ಹಮೀದಾ ಕೊಟ್ಟ ನೀರನ್ನೂ ಕುಡಿಯಲಿಲ್ಲ.

ಮುಂದಿನ ಮಾತು ಎಂಬತ್ತೇಳರ ಫೆಬ್ರವರಿಯದು. ಆಳಂದ ಕಡೆಯ ಕಿಣ್ಣಿ ಸುಲ್ತಾನದಲ್ಲಿ ಶಾಂತಲಿಂಗಪ್ಪ ಎಂಬ ಸಾಹುಕಾರರ ಮಗಳ ಮದುವೆ. ಗಂಡಿನವರು ಜೇವರ್ಗಿ ಕಡೆಯವರು. ಮೈಕ್ ಸೆಟ್ ನನ್ನದು. ಶಾಂತಲಿಂಗಪ್ಪನವರು ಹುರುಪಿನ ಮನುಷ್ಯ. ಮಗಳ ಮದುವೆಯ ಮಾತು, ಹಾಡು, ಒಡಪು ಎಲ್ಲವನ್ನೂ ಕ್ಯಾಸೆಟ್ಟಿನಲ್ಲಿ ಹಿಡಿದು ಕೊಡು ಎಂದಿದ್ದರು. ಹೀಗಾಗಿ ಆಂಪ್ಲಿಫಾಯರ್ ಪಕ್ಕದಲ್ಲಿ ಟೇಪು ಇಟ್ಟುಕೊಂಡು ಹಂದರದ ಮೂಲೆಯಲ್ಲಿ ಕೂತಿದ್ದೆ.

ಸುಂದರಬಾಯಿ ಅಲ್ಲಿದ್ದಳು. ಮದುಮಗಳಿಗೆ ಕೊಡುವ ಎರಡು ಕೌದಿ ಹೊಲಿಯಲು ಹದಿನೈದು ದಿನದಿಂದ ಅದೇ ಮನೆಯಲ್ಲಿ ಉಳಿದಿದ್ದಳು. ನನ್ನ ಕಡೆ ನೋಡಲಿಲ್ಲ. ಗಂಡಿನ ಕಡೆಯ ಸಾಲಿನಲ್ಲಿ ಮಲ್ಕಪ್ಪ ಕೂತಿದ್ದ, ಮದುಮಗನ ದೂರದ ಸೋದರಮಾವನಂತೆ. ಹೆಂಗಸರ ನಡುವೆ ಶಾರದಾಬಾಯಿ, ಪಕ್ಕದಲ್ಲಿ ಹಸಿರು ಲಂಗದ ಆರು ವರ್ಷದ ಹುಡುಗಿ. ಮಲ್ಕಪ್ಪ ಬರುತ್ತಾನೆಂದು ಸುಂದರಬಾಯಿಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೂ ಉಳಿದಳು ಎಂದು ಆಮೇಲೆ ತಿಳಿಯಿತು.

ಮಧ್ಯಾಹ್ನದ ಊಟವಾಗಿ ಗಂಡು ಹೆಣ್ಣನ್ನು ಕೂರಿಸಿ ಒಡಪು ಹೇಳಿಸತೊಡಗಿದರು. ಮೈಕು ಬಂದ ಮೇಲೆ ಒಡಪಿನ ಮಜಾನೇ ಬೇರೆ. ಮದುಮಗಳು ಕಿವಿ ಕೆಂಪು ಮಾಡಿಕೊಂಡು ಮದುಮಗನ ಹೆಸರು ಹೇಳಿದಳು. ಮೈಕು ಕೈಯಿಂದ ಕೈಗೆ ಹೋಯಿತು. ಮುದುಕಿಯರು ಸತ್ತ ಗಂಡಂದಿರ ಹೆಸರನ್ನೂ ಸೇರಿಸಿ ನಗಿಸಿದರು. ಮದುಮಗನ ಸೋದರತ್ತೆ ಶಿವಕಾಂತಾ ಎಂಬವಳು ಬಾಯಿಬಡುಕಿ. ಹಂದರದ ಕಂಬಕ್ಕೆ ಒರಗಿ ನಿಂತಿದ್ದ ಸುಂದರಬಾಯಿಯ ಕಡೆ ಮೈಕು ಚಾಚಿ, "ನೀ ಯಾಕ ಮರಿಗಿ ನಿಂತೀಬೇ ಸುಂದರಿ? ಗಂಡ ಎದುರಿಗೇ ಕುಂತಾನ. ನೀನೂ ಒಂದು ಒಡಪು ಹೇಳಿ ಹೆಸರು ತಗೀ, ನಾವೂ ಕೇಳ್ತೇವಿ" ಅಂದಳು.

ಕೆಲವರು ನಕ್ಕರು. ಶಾರದಾಬಾಯಿ ತಲೆ ತಗ್ಗಿಸಿದಳು. ಸುಂದರಬಾಯಿ ಮೈಕು ಈಸಿಕೊಂಡಳು. ಬೇರೆ ಹೆಂಗಸರಂತೆ ಸೆರಗಿನಲ್ಲಿ ಮುಖ ಮುಚ್ಚಲಿಲ್ಲ. ಕಂಬ ಬಿಟ್ಟು ಮುಂದೆ ಬಂದು ನಿಂತಳು. ಎಡಗೈ ಸೀರೆಯ ಅಂಚನ್ನು ಹಿಡಿದು, ಹೊಲಿಯುವವರಂತೆ ಬೆರಳು ಆಡಿಸುತ್ತಿತ್ತು.

ಹೊಟ್ಟಿ ತುಂಬಿದ ಕೌದಿ, ನಾಕನೇ ಮೂಲಿ ಕೆಂಪ...

ಧಾಟಿ ಕೇಳಿದ ಕೂಡಲೇ ಹಂದರ ತಣ್ಣಗಾಯಿತು. ಹಾಡು ಎಲ್ಲರಿಗೂ ಗೊತ್ತಿತ್ತು, ಈ ನುಡಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಮಲ್ಕಪ್ಪನಿಗೆ ಗೊತ್ತಿತ್ತು. ದಡಗ್ಗನೆ ಎದ್ದ. "ಲೇ ಬುರಾನ್ಯಾ, ಬಂದ್ ಮಾಡಲೇ ಮೈಕ್. ಬಂದ್ ಮಾಡು ಅಂತೇನಿ."

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕೈ ಆಂಪ್ಲಿಫಾಯರಿನ ಗುಂಡಿಯ ಮೇಲೇ ಇತ್ತು. ಮೂರು ತಾಲೂಕಿನ ಮದುವೆಗಳು ಕಣ್ಣ ಮುಂದೆ ಬಂದವು. ಹಮೀದಾ ಎಂಟು ದಿನ ಮಾತಾಡದೆ ಬಡಿಸಿದ ತಟ್ಟೆಯೂ ಬಂತು. ಸುಂದರಬಾಯಿ ಆ ದಿನ ಮೊದಲ ಸಲ ನನ್ನ ಕಡೆ ನೋಡಿದಳು. ಬೇಡುವ ನೋಟವಲ್ಲ ಅದು. ಈಗ ಏನು ಮಾಡುತ್ತೀ, ಮಾಡು ಎನ್ನುವ ನೋಟ. ನಾನು ಗುಂಡಿ ತಿರುಗಿಸಿದೆ, ಬಲಕ್ಕೆ, ಪೂರ್ತಿ.

ಹೊಲಿದಾಕಿ ಯಾರಂತ ಕೇಳ್ಯಾರ, ಹೇಳವ್ವ
ಅತನೂರ ಸುಂದರಬಾಯಿ ಅಂತ.

ಮರಕ್ಕೆ ಕಟ್ಟಿದ ಎರಡು ಹಾರ್ನುಗಳಲ್ಲಿ ಆ ಹೆಸರು ಕಿಣ್ಣಿ ಸುಲ್ತಾನದ ಹೊಲಗಳ ತನಕ ಹೋಯಿತು. ಜೋಳ ಕಾಯುತ್ತಿದ್ದವರೂ ಕೇಳಿದರಂತೆ. ಮಲ್ಕಪ್ಪ "ಇದು ಒಡಪಲ್ಲ, ಗಂಡನ ಹೆಸರು ಎಲ್ಲದ ಇದರಾಗ? ಯಾರ ಹೇಣ್ತಿ ನೀ?" ಎಂದು ಒದರುತ್ತ ಹೆಂಗಸರ ಸಾಲಿನ ತನಕ ಬಂದ.

"ಶಿವಕಾಂತಕ್ಕ ಹೆಸರು ಹೇಳು ಅಂದ್ರು. ಹೇಳಿದೆ" ಅಂದಳು ಸುಂದರಬಾಯಿ, ಮೈಕಿನಲ್ಲೇ. "ನನಗ ಇರೋದು ಇದೊಂದೇ ಹೆಸರು."

ಮಲ್ಕಪ್ಪ ಅವಳನ್ನು ಬಿಟ್ಟು ಶಾರದಾಬಾಯಿಯ ಕಡೆ ತಿರುಗಿದ. ಸುಂದರಬಾಯಿಯ ಕೈಯಿಂದ ಮೈಕು ಕಿತ್ತು ಶಾರದಾಬಾಯಿಯ ತೊಡೆಯ ಮೇಲೆ ಹಾಕಿ, "ನೀ ಹೇಳು. ಇಡೀ ಹಂದರಕ್ಕ ಕೇಳೂವಂಗ ನನ್ನ ಹೆಸರು ಹೇಳು" ಅಂದ.

ಶಾರದಾಬಾಯಿ ಮೈಕು ಕೈಗೆತ್ತಿಕೊಂಡಳು. ತೆಳ್ಳಗಿನ ಹೆಣ್ಣುಮಗಳು. ನಾನು ಅವಳ ಬಗ್ಗೆ ಅಲ್ಲಿಯ ತನಕ ಒಂದು ಒಳ್ಳೆಯ ಮಾತು ಯೋಚಿಸಿದವನಲ್ಲ. ಅವಳು ಪಕ್ಕದ ಹುಡುಗಿಯನ್ನು ಹತ್ತಿರ ಎಳೆದುಕೊಂಡಳು. ಪ್ರಾಸ ಗೀಸ ಏನೂ ಇಲ್ಲದೆ, ಬಿಡಿ ಮಾತಿನಲ್ಲಿ ಹೇಳಿದಳು.

"ಈಕಿ ಮೂರು ವರ್ಷದತನಕ ಒಂದೇ ಕೌದಿ ಹೊಚ್ಕೊಂಡು ಬೆಳದಾಳ. ಇನ್ನೂ ನಮ್ಮ ಸಂದೂಕಿನ್ಯಾಗ ಅದ. ನಾಕನೇ ಮೂಲಿ ಕೆಂಪದ. ಅದು ಅತನೂರ ಸುಂದರಕ್ಕ ಹೊಲಿದದ್ದು."

ಅಷ್ಟೇ. ಮೈಕನ್ನು ಮೆಲ್ಲಗೆ ಕೆಳಗಿಟ್ಟಳು. ಶಾಂತಲಿಂಗಪ್ಪನವರು ಬಂದು ಅವನ ಹೆಗಲ ಮೇಲೆ ಕೈ ಹಾಕಿ, "ಬರ್ರಿ ಬೀಗರ, ಎಲಿ ಅಡಿಕಿ ಹಾಕ್ಕೋರಿ. ಹೆಣ್ಮಕ್ಕಳ ಮಾತಿನ್ಯಾಗ ನಿಮ್ಮದೇನದ" ಎಂದು ಹೊರಗೆ ಕರೆದುಕೊಂಡು ಹೋದರು. ಹೆಂಗಸರಲ್ಲಿ ಯಾರೋ ಒಬ್ಬಳು ಮೂರನೇ ನುಡಿ ಗುನುಗತೊಡಗಿದಳು. ಇನ್ನೊಬ್ಬಳು ನಾಲ್ಕನೆಯದನ್ನು ಸೇರಿಸಿದಳು, ಹೆಸರಿನ ಸಮೇತ.

ಮಲ್ಕಪ್ಪ ಹೇಳಿದ ಮಾತಿನಂತೆ ಮಾಡಿದ. ಆ ವರ್ಷ ಜೇವರ್ಗಿ ಕಡೆಯ ಒಂದು ಮದುವೆಯೂ ನನಗೆ ಸಿಗಲಿಲ್ಲ. ಮಹಾದೇವಪ್ಪನ ಮಂಡಳಿ ಬೇರೆಯವರ ಮೈಕು ಹಚ್ಚಿತು. ಹಚ್ಚಲಿ. ಆದರೆ ಆ ಭಜನೆಯ ಕೊನೆಗೆ ಅವನು "ಮಹಾದೇವ ನುಡಿದಾನ" ಎಂದಾಗ ಹಿಂದೆ ಕೂತ ಹೆಂಗಸರು "ಅತನೂರ ಸುಂದರಬಾಯಿ" ಎಂದು ತಿದ್ದತೊಡಗಿದರು. ಎರಡು ಸಲ ಹಾಗಾದ ಮೇಲೆ ಅವನು ಆ ಪದವನ್ನೇ ಬಿಟ್ಟ.

ಮದುವೆಯಾದ ಮೂರನೇ ದಿನ ಸುಂದರಬಾಯಿ ನಮ್ಮ ಮನೆಗೆ ಬಂದಳು. ಹಮೀದಾ ಕೊಟ್ಟ ನೀರು ಕುಡಿದಳು, ಚಹಾನೂ ಕುಡಿದಳು. ಕಿಣ್ಣಿ ಸುಲ್ತಾನದಲ್ಲಿ ಹಿಡಿದ ಟೇಪಿನಿಂದ ನಾಲ್ಕನೇ ನುಡಿಯನ್ನು ತೆಗೆದು ನಾನು ಹಳೆಯ ಮೂರು ನುಡಿಗಳಿಗೆ ಜೋಡಿಸಿ ಇಟ್ಟಿದ್ದೆ. ಹಚ್ಚಿ ಕೇಳಿಸಿದೆ. ನಮ್ಮ ಮನೆಯ ಕೌದಿಗಳ ನಡುವಿನ ಆ ಸಣ್ಣ ದನಿ, ದಾರ ಜಗ್ಗುವ ಸದ್ದು. ಆಮೇಲೆ ಒಮ್ಮೆಲೇ ಹಂದರ, ಮಂದಿ, ಮಲ್ಕಪ್ಪನ "ಬಂದ್ ಮಾಡಲೇ", ಅದರ ಮೇಲೆ ಅವಳ ಹೆಸರು, ಕೊನೆಗೆ ಶಾರದಾಬಾಯಿಯ ಮಾತು.

ನನಗೆ ಕಸುಬಿನ ನಾಚಿಕೆ. "ಇದು ಸದ್ಯಕ್ಕ ಇರಲಿ. ಕರೆಂಟ್ ಹೋದ ಕೂಡಲೇ ಕೌದಿ ಕಟ್ಟಿ ಮತ್ತ ಹಿಡಿಯೋಣು. ಗದ್ದಲ ಇಲ್ದಂಗ, ಸ್ವಚ್ಛ. ಈ ಸಲ ಯಾವನು ಬಂದ್ರೂ ಒರಸಂಗಿಲ್ಲ, ಹಮೀದಾನ ಆಣಿ" ಅಂದೆ.

ಸುಂದರಬಾಯಿ ಬೇಡವೆಂದು ತಲೆ ಅಲ್ಲಾಡಿಸಿದಳು. ಕ್ಯಾಸೆಟ್ಟನ್ನು ಕೈಯಲ್ಲಿ ತೆಗೆದುಕೊಂಡು, ನಾನು ಅಂಟಿಸಿದ ಚೀಟಿಯ ಮೇಲಿನ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಓದಲು ಬರುತ್ತಿರಲಿಲ್ಲ. ಇದೇನಾ ನನ್ನ ಹೆಸರು ಎಂದು ಹಮೀದಾಳನ್ನು ಕೇಳಿ ಖಾತ್ರಿ ಮಾಡಿಕೊಂಡಳು.

"ಇದ್ದಂಗೇ ಇರಲಿ ಅಣ್ಣ" ಅಂದಳು. "ಶಾರದಾನ ಮಾತೂ ಇರಲಿ, ಮಂದಿ ಗದ್ದಲಾನೂ ಇರಲಿ. ಮಲ್ಕಪ್ಪ ಒದರಿದ್ದೂ ಇರಲಿ."

ಹಮೀದಾ ಕಪ್ಪು ಬಸಿ ತೊಳೆಯುತ್ತಿದ್ದವಳು, ಅವಳ ಬಾಯಲ್ಲಿ ಆ ಹೆಸರು ಮೊದಲ ಸಲ ಕೇಳಿ, ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಸುಂದರಬಾಯಿ ಚೀಲದಿಂದ ಸೂಜಿ ತೆಗೆದು, ಬೆಳಕಿಗೆ ಹಿಡಿದು, ದಾರ ಪೋಣಿಸುತ್ತಿದ್ದಳು.